ಕುಕ್ಕರ್ ಮುಚ್ಚಳದ ಮೇಲಿನ ನಂಬರು

ಭದ್ರಾವತಿಯ ಪೀರ್ ಬಾಷಾ ಬೆಳಗಾದರೆ ಮೊಪೆಡ್ಡಿಗೆ ಸಾಮಾನಿನ ಚೀಲ ಕಟ್ಟಿಕೊಂಡು ಶಿವಮೊಗ್ಗಕ್ಕೆ ಬರುತ್ತಾನೆ. ಕುಕ್ಕರ್, ಮಿಕ್ಸಿ, ಗ್ಯಾಸ್ ಸ್ಟೌ, ಏನು ಕೆಟ್ಟರೂ ಸರಿ ಮಾಡುತ್ತಾನೆ. ನಮ್ಮ ಹೆಣ್ಣುಮಕ್ಕಳು ಪಾತ್ರೆಯ ಮೇಲೆ ತವರಿನ ಹೆಸರು ಕೊರೆಸಿಕೊಳ್ಳುವ ಹಾಗೆ, ಬಾಷಾ ತಾನು ಮುಟ್ಟಿದ ಪ್ರತಿ ಕುಕ್ಕರಿನ ಮುಚ್ಚಳದ ಮೇಲೂ ತನ್ನ ಮೊಬೈಲ್ ನಂಬರು ಕೊರೆದುಬಿಡುತ್ತಾನೆ. ಕಾರ್ಡು ಹಂಚಿದರೆ ಕಳೆದುಹೋದೀತು. ಕುಕ್ಕರ್ ಎಲ್ಲಿಗೆ ಹೋದೀತು?

ಫೋನ್ ಬಂದರೆ ಅವನು ಎತ್ತುವುದಿಲ್ಲ. ಎತ್ತಿದರೂ ದುಡ್ಡು ಕತ್ತರಿಸುತ್ತಿದ್ದ ಕಾಲದ ಅಭ್ಯಾಸ. ಒಂದು ರಿಂಗು ಅಂದರೆ ಕುಕ್ಕರ್, ಎರಡಾದರೆ ಮಿಕ್ಸಿ, ಮೂರಾದರೆ ಸ್ಟೌ. ರಿಂಗು ಕೊಟ್ಟವರು ಯಾರೆಂದು ತಿಳಿಯಲು ಫೋನಿನಲ್ಲಿ ‘ನೀಲಿ ಗೇಟು’, ‘ಕಚ್ಚುವ ನಾಯಿ’ ಎಂದು ಹೆಸರು ಹಾಕಿಕೊಂಡಿದ್ದಾನೆ. ಶಿವಮೊಗ್ಗದ ವಿನೋಬನಗರ ಬಡಾವಣೆಯವರು ಈಗ ಎಷ್ಟು ಬೇಕಾದರೂ ಮಾತಾಡುವ ಪ್ಲಾನಿಗೆ ಬಂದಿದ್ದರೂ, ಬಾಷಾನಿಗೆ ಮಾತ್ರ ಇಂದಿಗೂ ಮಿಸ್ಡ್ ಕಾಲೇ ಕೊಡುತ್ತಾರೆ.

ರೀಚಾರ್ಜನ್ನು ಅವನು ಹಾಕಿಸುತ್ತಿದ್ದದ್ದು ಅಮಾವಾಸ್ಯೆ ಕಳೆದು ಚಾಂದ್ ಕಂಡಾಗ. ಅದಕ್ಕೂ ಕಂಪನಿಯ ಲೆಕ್ಕಕ್ಕೂ ಪ್ರತಿ ಸಲ ಜಗಳ. "ನಮ್ ಚಾಂದಿಗೇ ಇಪ್ಪತ್ತೊಂಬತ್ತು ದಿನ ಬೇಕು. ಇವ್ರ ತಿಂಗ್ಳು ಇಪ್ಪತ್ತೆಂಟಕ್ಕೇ ಮುಗಿಯುತ್ತಲ್ಲ, ಅದ್ಯಾವ ಚಂದ್ರಾನೋ!" ಎಂದು ಗೊಣಗುತ್ತಿದ್ದ. ಪ್ಲಾನಿನ ಬೆಲೆ ಏರಿದಾಗ ಸಿಟ್ಟೂ ಏರಿತು. "ನಾನು ಬಾಯೇ ಬಿಡಲ್ಲ, ಬರೀ ರಿಂಗ್ ಕೇಳಿಸ್ಕೊಳ್ತೀನಿ. ಅದಕ್ಕೂ ಕಾಸಾ?" ಎಂದು ರೀಚಾರ್ಜು ಬಿಟ್ಟೇಬಿಟ್ಟ.

ಫೋನೂ ಬಾಯಿ ಮುಚ್ಚಿತು. ಬಾಷಾ ದಿನವೂ ಪೇಟೆ ಸುತ್ತಿ ಖಾಲಿ ಜೇಬಿನಲ್ಲಿ ಮನೆಗೆ ಮರಳಿದ. "ಊರವ್ರೆಲ್ಲ ಅಡುಗೆ ಮಾಡೋದೇ ಬಿಟ್ರಾ, ಏನ್ ಜೀ?" ಎಂದು ಹೆಂಡತಿ ಜೈನಾಬಿ ಕೇಳಿದ ಮೇಲೆಯೇ ಅವನು ಕಂಪನಿಯ ಷೋರೂಮಿನ ಮೆಟ್ಟಿಲು ಹತ್ತಿದ್ದು.

"ನಂಬರ್ ಕಟ್ಟಾಗಿದೆ," ಎಂದ ಮ್ಯಾನೇಜರ್ ಮಧು. "ಇನ್ ಸ್ವಲ್ಪ ದಿನಕ್ಕೆ ಬೇರೆಯವ್ರಿಗೆ ಹೋಗುತ್ತೆ. ಹೊಸ ಸಿಮ್ ತಗೊಳ್ಳಿ, ಫ್ರೀ."

"ಸಿಮ್ ಫ್ರೀ ಸಾರ್. ಊರಲ್ಲಿರೋ ಮುಚ್ಚಳ ಎಲ್ಲ ಯಾರು ಉಜ್ತಾರೆ?"

"ಹಳೇ ನಂಬರೇ ಬೇಕಂದ್ರೆ ಹೆಡ್ಡಾಫೀಸು ಒಪ್ಪಬೇಕು. ಅವರು ಒಪ್ಪಲ್ಲ. ನೆಕ್ಸ್ಟ್!"

ಬಾಷಾ ತಲೆ ತಗ್ಗಿಸಿ ಹೊರಬಂದ. ಇಪ್ಪತ್ತು ವರ್ಷದ ಗಿರಾಕಿಗಳು ಒಂದೇ ಏಟಿಗೆ ಯಾರೋ ಅಪರಿಚಿತನ ಪಾಲಾಗುತ್ತಿದ್ದರು. ನೀಲಿ ಗೇಟಿನ ಮುಂದೆ ಮೊಪೆಡ್ಡು ತಾನಾಗಿ ನಿಂತಿತು. ಅದು ಹೈಸ್ಕೂಲ್ ಟೀಚರ್ ತನುಜಾ ಅವರ ಮನೆ.

"ಬಂದ್ರಾ ಮಹಾರಾಯ್ರು! ಎಷ್ಟು ಮಿಸ್ಡ್ ಕಾಲ್ ಕೊಡ್ಲಿ ಸಾಬ್ರೆ? ಕೊಟ್ಟಾಗೆಲ್ಲ ನಿಮ್ಮ ಮನೆಯವ್ರು ಎತ್ತಿಬಿಡ್ತಾರೆ!"

"ಜೈನಾಬಿನಾ? ಅವಳು ಫೋನ್ ಮುಟ್ಟೋದೇ ಇಲ್ವಲ್ಲ!"

"ಮತ್ಯಾರ್ರೀ ಅದು ಹೆಂಗಸು? ಮಾತು ಶುರುವಾಗ್ತಿದ್ದಂಗೆ ನಾನು ಕಟ್ ಮಾಡ್ತೀನಿ. ಪಕ್ಕದ್ಮನೆ ಸೌಂದರ್ಯಾನೂ ಅಷ್ಟೇ."

ಆ ಹೆಂಗಸು ‘ಈ ನಂಬರ್ ಚಾಲ್ತಿಯಲ್ಲಿಲ್ಲ’ ಎನ್ನುವ ಕಂಪನಿಯ ರೆಕಾರ್ಡು. ಬಡಾವಣೆಯಲ್ಲಿ ಒಬ್ಬರೂ ಅದನ್ನು ಪೂರ್ತಿ ಕೇಳಿರಲಿಲ್ಲ. ವಿಷಯ ತಿಳಿದ ತನುಜಾ ಒಲೆ ಆರಿಸಿ, ಕುಕ್ಕರನ್ನು ಕಂಕುಳಲ್ಲಿ ಇರುಕಿಕೊಂಡು, ಮಹಿಳಾ ವಾಟ್ಸಾಪ್ ಗುಂಪಿಗೆ ಒಂದೇ ಮಾತು ಹೇಳಿದರು: "ಕೆಟ್ಟ ಕುಕ್ಕರ್ ಇರೋರೆಲ್ಲ ಮೊಬೈಲ್ ಷೋರೂಮಿಗೆ ಬನ್ನಿ."

ಮಧ್ಯಾಹ್ನದ ಹೊತ್ತಿಗೆ ಗಾಜಿನ ಕೌಂಟರಿನ ಮೇಲೆ ಹೊಸ ಮೊಬೈಲುಗಳು ಕಾಣದಷ್ಟು ಕುಕ್ಕರುಗಳು ಕೂತಿದ್ದವು. ಹೆಂಗಸರ ಹಿಂದೆ ಚೀಲ ಹಿಡಿದು ಬಾಷಾನೂ ನಿಂತಿದ್ದ.

"ಮೇಡಂ, ಇದು ಫೋನ್ ಅಂಗಡಿ..."

"ಗೊತ್ತಪ್ಪ," ಎಂದರು ತನುಜಾ. "ಈ ಮುಚ್ಚಳ ಓದು. ಅದನ್ನೂ ಓದು. ಎಲ್ಲದರ ಮೇಲೂ ಒಂದೇ ನಂಬರು. ಇದನ್ನ ಬೇರೆ ಯಾರಿಗೋ ಕೊಡು, ಬೆಳಗಿನ ಜಾವದಿಂದ ಅವನಿಗೆ ನಾವು ರಿಂಗ್ ಕೊಡ್ತಾನೇ ಇರ್ತೀವಿ. ಅವನು ಹುಡುಕ್ಕೊಂಡ್ ಬಂದು ಯಾರನ್ನ ಹೊಡೀತಾನೆ, ಯೋಚನೆ ಮಾಡು."

"ನಮ್ಮನೇಲಿ ಐದು ಜನಾನೂ ನಿಮ್ದೇ ಸಿಮ್ಮು," ಎಂದರು ಸೌಂದರ್ಯ. "ಐದನ್ನೂ ಇವತ್ತೇ ಬೇರೆ ಕಂಪನಿಗೆ ಪೋರ್ಟ್ ಮಾಡಿಸ್ತೀನಿ." ಹಿಂದಿನಿಂದ "ನಮ್ದೂ! ನಮ್ದೂ!" ಎಂದು ಕೂಗೆದ್ದಿತು.

ಮಧು ಹೆಡ್ಡಾಫೀಸಿಗೆ ಫೋನು ಹಚ್ಚಿದ. ಅವರದೇ ರೆಕಾರ್ಡು ಅವನಿಗೂ ‘ಒಂದು ಒತ್ತಿ, ಎರಡು ಒತ್ತಿ’ ಎಂದು ಆಟ ಆಡಿಸಿತು. ಒತ್ತಿ ಒತ್ತಿ ಬೆರಳು ಸವೆದರೂ ಆಗದ ಕೆಲಸ, ಕೊನೆಗೆ ಎದುರಿಗಿದ್ದವರ ಒತ್ತಡದಿಂದ ಆಯಿತು. ಅತ್ತಲಿಂದ ಮನುಷ್ಯರ ದನಿ ಬಂದದ್ದೇ ಮಧು ಕಂಪನಿಗೆ ಬರಲಿರುವ ಗಂಡಾಂತರವನ್ನು ಅಳುವಂತೆ ವಿವರಿಸಿದ. ಸತ್ತ ನಂಬರು ಎದ್ದಿತು.

"ದಿನಕ್ಕೆರಡು ಜಿಬಿ ಡೇಟಾ ಇರೋ ಪ್ಲಾನ್ ಹಾಕ್ಲಾ?" ಮಧು ಚಾಳಿ ಬಿಡಲಿಲ್ಲ.

"ನನಗೆ ಡೇಟಾ ಯಾಕೆ ಸಾರ್, ಅನ್ನದಾತರು ಇಲ್ಲೇ ನಿಂತಿದ್ದಾರೆ. ಬರೀ ಕಾಲ್ ಬರೋದು ಇಲ್ವಾ?"

"...ಇದೆ," ಎಂದ ಮಧು, ಹಲ್ಲು ಕೀಳಿಸಿಕೊಂಡವನಂತೆ. "ತಿಂಗಳುಗಟ್ಟಲೆ ಬರುತ್ತೆ."

"ಇಷ್ಟು ದಿನ ಯಾಕಪ್ಪ ಬಚ್ಚಿಟ್ಟಿದ್ದೆ?" ಎಂದು ತನುಜಾ ಕ್ಲಾಸು ತೆಗೆದುಕೊಂಡರು.

ಬಾಷಾ ಜವಾಬಿಗೆ ಕಾಯಲಿಲ್ಲ. ಎಸಿಯ ತಂಪಿನಲ್ಲಿ, ಹೊಳೆಯುವ ನೆಲದ ನಟ್ಟನಡುವೆ ಚೀಲ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಕುಕ್ಕರನ್ನು ತೊಡೆಗೆ ಎಳೆದುಕೊಂಡ. ಹೆಂಗಸರು ಕಂಪನಿಯ ಸೋಫಾದಲ್ಲಿ ಆರಾಮಾಗಿ ಕೂತರು.

"ರೀ, ಎದ್ದೇಳ್ರಿ, ಕಸ್ಟಮರ್ಸ್ ಬರ್ತಾರೆ!" ಎಂದ ಮಧು.

"ಬಂದಿದ್ದಾರಲ್ಲ ಸಾರ್," ಎಂದು ಬಾಷಾ ತಲೆಯೆತ್ತದೆ ಸ್ಕ್ರೂ ತಿರುಗಿಸಿದ. "ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಆಗ್ತೀರ."