ಕುಂಕುಮದ ಮೇಲೆ ಹೊರಿಸಿದ್ದು

ಅತ್ತಿಗೆ, ಆ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟದ್ದು ನಿಮ್ಮ ಆಯುಧಪೂಜೆಯಿಂದಲ್ಲ. ಕೆಡಿಸಿದವನು ನಾನು. ಇಷ್ಟು ವರ್ಷ ತಪ್ಪನ್ನು ನಿಮ್ಮ ಮೇಲೆ ಹೊರಿಸಿಕೊಂಡು ಬಂದೆ.

ಅಣ್ಣ ತೀರಿಹೋದ ಮೇಲೆ ಅವನು ಶೂಟ್ ಮಾಡಿದ್ದ ವಿಡಿಯೋ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಿರಿ. ಊರೂರ ಮದುವೆಗಳ ನಡುವೆ ನಮ್ಮ ಮನೆಯವೂ ಇದ್ದವು. ಅಣ್ಣ ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇದ್ದವನು. ಅವನ ಮುಖ ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಹಳೇಬೀಡಿನ ಕೆರೆ ಏರಿಯ ಮೇಲೆ, ಹಸುಗೂಸು ನವೀನನನ್ನು ಎತ್ತಿಕೊಂಡು, ಕ್ಯಾಮೆರಾ ಹಿಡಿದ ನಿಮಗೆ "ಏ, ಕೈ ಅಲ್ಲಾಡಿಸ್ಬೇಡ ಕಣೇ" ಎಂದು ನಗುತ್ತಿದ್ದ. ಮಗು ದೊಡ್ಡವನಾದ ಮೇಲೆ ಅಪ್ಪನನ್ನು ನೋಡಲಿ ಎಂಬುದೊಂದೇ ನಿಮ್ಮ ಆಸೆ.

ನಾನು ಆಗ ಅರಸೀಕೆರೆಯ ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ. ನಿಮ್ಮ ಮನೆಯಲ್ಲೇ ದೊಡ್ಡದೊಂದು ಸರ್ವರ್ ಕೂರಿಸುತ್ತೇನೆ, ಎಲ್ಲವನ್ನೂ ಟೀವಿಯಲ್ಲೇ ನೋಡಬಹುದು ಎಂದೆ. ನಾಲ್ಕು ಹಾರ್ಡ್ ಡಿಸ್ಕ್ ತಂದೆ. ಎರಡರಲ್ಲಿ ತುಂಬಿ, ಉಳಿದೆರಡರಲ್ಲಿ ಅದರದೇ ನಕಲು ಇಡಬೇಕಿತ್ತು — ಗಿರಾಕಿಗಳಿಗೆ ದಿನಾ ಹೇಳುತ್ತಿದ್ದ ಮಾತು. ಆದರೆ ಅರ್ಧ ಜಾಗ ನಕಲಿಗೇ ಹೋಗುತ್ತದಲ್ಲ! ನನಗೆ ಸಿನಿಮಾಗಳಿಗೂ ಜಾಗ ಬೇಕಿತ್ತು. ನಾಲ್ಕನ್ನೂ ಬೆಸೆದು ಒಂದೇ ಡಿಸ್ಕಿನಂತೆ ಮಾಡಿ, ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿದೆ. ಹಾಗೆ ಮಾಡಿದರೆ ಒಂದು ಸತ್ತರೂ ನಾಲ್ಕರಲ್ಲಿದ್ದದ್ದೂ ಹೋಗುತ್ತದೆ ಎಂಬುದು ಗೊತ್ತಿತ್ತು. ಸಿನಿಮಾ ಎಲ್ಲೂ ತಡೆಯಬಾರದೆಂದು ಮೆಮೊರಿಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡೆ. ಇದ್ದ ಎರಡು ಮೆಮೊರಿ ಪಟ್ಟಿಗಳ ಜೊತೆಗೆ ಇನ್ನೆರಡು ರ‍್ಯಾಮ್ ಹಾಕಿದೆ. ಅಣ್ಣನ ಬಗ್ಗೆ ಯೋಚಿಸಲೇ ಇಲ್ಲ.

ಇನ್ನೊಂದಿದೆ — ಇದನ್ನು ಬರೆಯಲು ಕೈ ಬರುತ್ತಿಲ್ಲ. ಹಳೆ ಕ್ಯಾಸೆಟ್ಟಿನ ಮೇಲೆ ಹೊಸ ಮದುವೆ ತುಂಬುವುದು ವಿಡಿಯೋ ಕಸುಬಿನಲ್ಲಿ ಮಾಮೂಲಿ, ಅಣ್ಣನೂ ಮಾಡುತ್ತಿದ್ದ. ಅವನು ಒಪ್ಪಿಕೊಂಡಿದ್ದ ಮದುವೆಗಳನ್ನು ನಾನು ಮುಗಿಸಿಕೊಡುತ್ತಿದ್ದೆನಲ್ಲ, ಗೆಂಡೆಹಳ್ಳಿಯ ಒಂದು ಮದುವೆಗೆ ಕ್ಯಾಸೆಟ್ ಸಾಲದೆ ಬಂತು. ಸರ್ವರಿನಲ್ಲಿ ಇದೆಯಲ್ಲ ಎಂದು ಆ ಕೆರೆ ಏರಿಯ ಕ್ಯಾಸೆಟ್ಟನ್ನೇ ಹಾಕಿದೆ. ಅಣ್ಣನ ಮುಖದ ಮೇಲೆ ಯಾರದೋ ಧಾರೆ.

ನವರಾತ್ರಿಗೆ ಮುಂಚೆಯೇ ಒಂದು ಡಿಸ್ಕ್ ಕಟಕಟ ಎನ್ನುತ್ತಿತ್ತು. ಕೇಳಿಸಿಕೊಂಡೆ. ಹಬ್ಬ ಕಳೆಯಲಿ, ನೋಡೋಣ ಎಂದುಕೊಂಡೆ. ಆಯುಧಪೂಜೆಯ ದಿನ ನೀವು ಅಣ್ಣನ ಕ್ಯಾಮೆರಾದ ಜೊತೆಗೆ ಆ ಪೆಟ್ಟಿಗೆಯನ್ನೂ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು ಆರತಿ ಬೆಳಗಿದಿರಿ. ಮರುದಿನ ಅದು ಏಳಲಿಲ್ಲ. ಬಿಚ್ಚಿ ನೋಡಿದೆ. ಒಳಗೆ ಒಂದು ಹನಿ ತೇವ ಇರಲಿಲ್ಲ, ಕಟಕಟ ಎನ್ನುತ್ತಿದ್ದ ಡಿಸ್ಕೇ ಸತ್ತಿತ್ತು. ನೀವು ಬಾಗಿಲಲ್ಲೇ ನಿಂತಿದ್ದಿರಿ. ನನ್ನ ಬಾಯಿಂದ ಬಂದದ್ದು —

"ಪೂಜೆ ನೀರು ಒಳಗೆ ಹೋಗೈತೆ ಅತ್ತಿಗೆ."

ನೀವು ಬಯ್ಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು, "ಅಯ್ಯೋ, ನನ್ ಕೈಯಾರೆ ಅವರನ್ನ ಇನ್ನೊಂದ್ ಸಲ ಕಳ್ಕಂಡ್ನಲ್ಲೋ ರಮೇಶ" ಎಂದಿರಿ. ಆಗಲೇ ಹೇಳಬಹುದಿತ್ತು. "ಹೋಗ್ಲಿ ಬಿಡಿ ಅತ್ತಿಗೆ" ಎಂದು ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿಬಿಟ್ಟೆ! ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ನೀವು ಆಯುಧಪೂಜೆಯನ್ನೇ ಬಿಟ್ಟಿರಿ. ಟೀವಿಯ ಗುಂಡಿ ಒತ್ತಲೂ ಹೆದರಿ ನೆರೆಮನೆಯವರನ್ನು ಕರೆಯುತ್ತಿದ್ದಿರಿ. ಅದನ್ನೂ ಸಹಿಸಿಕೊಂಡಿದ್ದೆ, ನನ್ನ ಚರ್ಮ ಅಷ್ಟು ದಪ್ಪ. ಆದರೆ ಹೋದ ವಾರ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಏನೋ ಸಣ್ಣ ಮಾತಿಗೆ ನವೀನ ನಿಮ್ಮ ಮೇಲೆ ರೇಗಿ, "ನೀನು ಮುಟ್ಟಿದ್ದೆಲ್ಲ ಹಾಳು. ಅಪ್ಪನ್ನ ಅಳಿಸಿದೋಳು ನೀನೇ ತಾನೇ?" ಎಂದ. ನೀವು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಿರಿ. ನಾನು ಉಂಡೆ, ಅತ್ತಿಗೆ. ತಲೆ ತಗ್ಗಿಸಿಕೊಂಡು ಪೂರ್ತಿ ಉಂಡೆ.

ಭಾನುವಾರ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನವೀನನ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಅವನು ನಿಮ್ಮನ್ನು ನೋಡಿದ ಆ ನೋಟ ಇನ್ನು ಮೇಲೆ ನನ್ನ ಮೇಲಿರಬೇಕು. ಅಷ್ಟಕ್ಕೇ ಬರುತ್ತಿದ್ದೇನೆ.