ಮಾರಮ್ಮನನ್ನು ಬಲಕ್ಕಿಟ್ಟುಕೊಂಡು ಓಡಿದ್ದು

ನಾನು ಓಡಲು ಶುರು ಮಾಡಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ತಿ. ನರಸೀಪುರದ ಹಿಟ್ಟಿನ ಗಿರಣಿ ಸೇರಿದ್ದವನು, ಆಮೇಲೆ ಹಠ ಹಿಡಿದು ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸು ಮಾಡಿದೆ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಬರವಣಿಗೆ ಪರೀಕ್ಷೆಯೂ ದಾಟಿತು. ಉಳಿದದ್ದು ಓಟ: ದೊಡ್ಡ ಮೈದಾನದ ನಾಲ್ಕು ಸುತ್ತು, ಆರೂವರೆ ನಿಮಿಷದೊಳಗೆ. ವಯಸ್ಸಿನ ಮಿತಿಯಲ್ಲಿ ನನಗೆ ಅದೇ ಕೊನೆಯ ಸಲ. ತಪ್ಪಿದರೆ ಮತ್ತೆ ಗಿರಣಿ, ಮತ್ತೆ ಮೂಗಿನ ತುಂಬಾ ರಾಗಿ ಹಿಟ್ಟು.

ಇನ್ನು ಎರಡು ತಿಂಗಳಿತ್ತು. ದಾರಿಯನ್ನು ನಾನೇ ಹುಡುಕಿಕೊಂಡೆ. ನಮ್ಮ ಬೀದಿ ದಿಣ್ಣೆಯ ಮೇಲಿದೆ. ಅಲ್ಲಿಂದ ಹೊಳೆಯ ಕಡೆಗೆ ಇಳಿದು, ನಾಲೆ ಏರಿಯ ಮೇಲೆ ಕಬ್ಬಿನ ಗದ್ದೆಗಳ ಪಕ್ಕದಲ್ಲೇ ಓಡಿ, ಒಂದು ಚಿಕ್ಕ ಹಳ್ಳಿ ಹೊಕ್ಕು, ಮಾರಿಗುಡಿ ದಾಟಿ, ತೆಂಗಿನ ತೋಟಗಳ ನಡುವೆ ನಿಧಾನಕ್ಕೆ ಏರುವ ಗಾಡಿ ದಾರಿಯಲ್ಲಿ ಸುತ್ತಿ ಮನೆಗೆ. ಒಟ್ಟು ಮೂರು ಮೈಲಿ ಇರಬಹುದು. ಮೊದಲ ದಿನವೇ ಪೂರ್ತಿ ಓಡಿದೆ. ದಿಣ್ಣೆಯಿಂದ ಇಳಿಯುವಾಗ ಕಾಲುಗಳು ನನ್ನವೇ ಅಲ್ಲ ಎನ್ನಿಸಿತ್ತು, ಅಷ್ಟು ವೇಗ. ಹೊಳೆಯ ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನು ಉಬ್ಬಿಸುತ್ತಿತ್ತು. ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡೆ.

ಹಳ್ಳಿಯ ಟೀ ಅಂಗಡಿಯಲ್ಲಿ ಕೂತವರಿಗೆ ನಾನೊಂದು ತಮಾಷೆ.

"ಏನ್ಲಾ, ಯಾರ್ ಅಟ್ಟಿಸ್ಕೊಂಡ್ ಬತ್ತಾವ್ರೆ?"

"ಯಾರೂ ಇಲ್ಲ ಕಣಣ್ಣ, ಸುಮ್ನೆ ಓಡ್ತಾ ಇವ್ನಿ."

"ಸುಮ್ನೆ ಓಡೋ ಅಷ್ಟು ಸಕ್ತಿ ಇದ್ರೆ ಬಾ, ನಮ್ ಗದ್ದೇಲಿ ನಾಟಿ ಅದೆ."

ನಗುತ್ತಲೇ ಮುಂದೆ ಓಡುತ್ತಿದ್ದೆ. ಆದರೆ ಒಂದು ವಾರವಾದ ಮೇಲೆ ಮಾರಿಗುಡಿಯ ಮುಂದೆ ಕಸ ಗುಡಿಸುವ ಅಜ್ಜಿ ದಾರಿಗೆ ಅಡ್ಡ ಪೊರಕೆ ಹಿಡಿದಳು.

"ನಿಂತ್ಕೊ ಮಗ. ಎಲ್ಲಿಂದ ಬತ್ತಾ ಇದ್ದೀಯ?"

"ನರಸೀಪುರದಿಂದ ಕಣವ್ವ."

"ಓಗೋದು ಎಲ್ಲಿಗೆ?"

"ನರಸೀಪುರಕ್ಕೇ."

ಅಜ್ಜಿ ಪೊರಕೆಯ ಬುಡದಿಂದ ಮಣ್ಣಿನಲ್ಲಿ ಗುಂಡಗೆ ಒಂದು ಗೆರೆ ಎಳೆದಳು. ಒಳಗೆ ಒಂದು ಚುಕ್ಕಿ ಇಟ್ಟಳು. "ಇದು ನಮ್ಮಮ್ಮ. ನೀನು ದಿನಾ ಬೆಳಗೆದ್ದು ಅಮ್ಮನ್ನ ಎಡಕ್ಕೆ ಮಡೀಕಂಡು ಸುತ್ತು ಆಕ್ತಾ ಇದ್ದೀಯ. ಅಂಗೆ ಸುತ್ತೋದು ಸುಡುಗಾಡಲ್ಲಿ ಎಣಕ್ಕೆ ಕಣಪ್ಪ. ಏನಕ್ ಓಡ್ತಿದ್ದೀಯ ನೀನು?"

ಕೆಲಸದ ವಿಷಯ ಹೇಳಿದೆ. ಅವಳು ತಲೆ ಚಚ್ಚಿಕೊಂಡಳು. "ಒಳ್ಳೇ ಕೆಲ್ಸಕ್ಕೆ ಇಂಗ್ ಸುತ್ತುದ್ರೆ ಆದದಾ? ತಿರುಗ್ಸು."

ಪಿಯುಸಿ ಓದಿದವನು ಇದಕ್ಕೆಲ್ಲ ಹೆದರಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ತೋಟದ ಕಡೆಯಿಂದಲೇ ಹೊರಟೆ.

ತಿರುಗಿಸಿದಾಗಲೇ ಗೊತ್ತಾಗಿದ್ದು ನಾನೆಂಥ ಓಟಗಾರ ಅಂತ. ಹೊರಡುವಾಗ ಜಾರಿಕೊಂಡು ಇಳಿಯುತ್ತಿದ್ದ ದಿಣ್ಣೆ ಈಗ ಓಟದ ಕೊನೆಗೆ ಎದೆಗೆ ಎದುರಾಗಿ ನಿಂತಿತ್ತು. ಅರ್ಧ ಹತ್ತಿ ಕೂತುಬಿಟ್ಟೆ. ಕೆಮ್ಮಿದೆ. ಇಷ್ಟು ವರ್ಷದ ಹಿಟ್ಟೆಲ್ಲ ಎದೆಯಿಂದ ಹೊರಗೆ ಬರುವ ಹಾಗೆ ಕೆಮ್ಮಿದೆ. ಇಳಿಜಾರನ್ನು ನನ್ನ ಶಕ್ತಿ ಅಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಎಡಕ್ಕೇ ಸುತ್ತಿಕೊಂಡಿದ್ದಿದ್ದರೆ ಈ ವಿಷಯ ನನಗೆ ಮೈದಾನದಲ್ಲಿ ತಿಳಿಯುತ್ತಿತ್ತು.

ಅಂದಿನಿಂದ ದಿಣ್ಣೆಗೂ ನನಗೂ ಜಗಳ. ಒಂದು ದಿನ ಬೇವಿನ ಮರದವರೆಗೆ, ಇನ್ನೊಂದು ದಿನ ಬೋರ್‌ವೆಲ್‌ವರೆಗೆ. ಅಣ್ಣನ ವಾಚು ಕಟ್ಟಿಕೊಂಡು ಓಡುತ್ತಿದ್ದೆನಾದರೂ ನನ್ನ ನಿಜವಾದ ಗಡಿಯಾರ ಅಜ್ಜಿಯೇ. ಹಳ್ಳಿಯ ಎಮ್ಮೆಗಳು ಹೊಳೆಗೆ ಹೋಗುವ ಹೊತ್ತನ್ನು ನೋಡಿಕೊಂಡು ನನ್ನನ್ನು ಅಳೆಯುತ್ತಿದ್ದಳು.

"ನೆನ್ನೆ ಎಮ್ಮೆಗಿಂತ ಮುಂದೆ ಬಂದಿದ್ದೆ. ಇವತ್ತು ಎಮ್ಮೆ ಇಂದೆ ಬಂದೀಯಲ್ಲ, ರಾತ್ರಿ ಮುದ್ದೆ ಜಾಸ್ತಿ ಆಯ್ತಾ?"

ಎರಡು ತಿಂಗಳು ತುಂಬುವ ಹೊತ್ತಿಗೆ ಎಮ್ಮೆಗಳು ಕೊಟ್ಟಿಗೆಯಲ್ಲಿ ಇರುವಾಗಲೇ ಗುಡಿ ದಾಟುತ್ತಿದ್ದೆ. ದಿಣ್ಣೆಯನ್ನು ನಿಲ್ಲದೆ ಹತ್ತಿದ ದಿನ ಮನೆ ಬಾಗಿಲಲ್ಲಿ ನಿಂತು ಸುಮ್ಮನೆ ನಕ್ಕಿದ್ದೆ. ಅಮ್ಮ ಹೆದರಿ ಹಣೆ ಮುಟ್ಟಿ ನೋಡಿದ್ದರು.

ಓಟದ ದಿನ ಮೈಸೂರಿನ ಮೈದಾನದಲ್ಲಿ ಎದೆಗೆ ನಂಬರು ಕಟ್ಟಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸೀಟಿ ಹಿಡಿದವರು ಕೈ ತೋರಿಸಿ ಹೇಳಿದರು: "ಎಲ್ರೂ ಒಳಗಿನ ಗೆರೆ ಎಡಗೈ ಪಕ್ಕಕ್ಕೆ ಇಟ್ಕೊಂಡು ಓಡ್ಬೇಕು."

ಅಜ್ಜಿ ಮಣ್ಣಿನಲ್ಲಿ ಎಳೆದ ಗೆರೆ ನೆನಪಾಯಿತು. ಬಲಕ್ಕೆ ಓಡಲು ಬಿಡಿ ಸಾ ಎಂದು ಕೇಳಲಾದೀತೇ. ಸೀಟಿ ಊದಿಯೇಬಿಟ್ಟರು.

ಮೊದಲೆರಡು ಸುತ್ತು ಏನೂ ಕಾಣಲಿಲ್ಲ, ಮುಂದಿನವರ ಹಿಮ್ಮಡಿ ಬಿಟ್ಟು. ಮೂರನೆಯದರಲ್ಲಿ ಮುಂದಿದ್ದ ಚಿಕ್ಕ ವಯಸ್ಸಿನ ಹುಡುಗರು ಬಾಯಿ ಬಿಡತೊಡಗಿದರು. ನಾಲ್ಕನೆಯದು ಶುರುವಾದಾಗ ನನ್ನ ಮೈ ದಿಣ್ಣೆಗೆ ಕಾಯುತ್ತಿತ್ತು. ತೊಡೆ ಬಿಗಿಯಾಯಿತು, ಉಸಿರು ಕೆಳಗಿಳಿಯಿತು, ಎದೆ ಮುಂದೆ ಬಾಗಿತು. ದಿಣ್ಣೆ ಬರಲಿಲ್ಲ. ಬರೀ ಸಮ ನೆಲ. ಅದಕ್ಕೆ ಕೂಡಿಟ್ಟ ಬಲವೆಲ್ಲ ಕಾಲಿಗೆ ಬಂದುಬಿಟ್ಟಿತು. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ. ಆರು ನಿಮಿಷ ಹನ್ನೊಂದು ಸೆಕೆಂಡ್ ಎಂದು ಯಾರೋ ಕೂಗಿದ್ದು ಕೇಳಿಸಿತು.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ತೋಟದ ದಾರಿಯಲ್ಲಿ ಹಳ್ಳಿಗೆ ಓಡಿದೆ. ಅಜ್ಜಿ ಗುಡಿಯ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಪಾಸಾದೆ ಕಣವ್ವ."

"ಆಗ್ದೆ ಏನು? ಅಲ್ಲೂ ಬಲಕ್ಕೇ ಸುತ್ತಿದ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಕಣವ್ವ. ಅಲ್ಲಿ ಎಲ್ರೂ ಎಡಕ್ಕೇ ಸುತ್ತುದ್ರು. ನಾನೂ ಅಂಗೇ ಸುತ್ತಿದೆ."

ಅಜ್ಜಿ ಚಾಚಿದ ಕಾಲು ಮಡಚಿಕೊಂಡಳು. "ಆ ಸುತ್ತಿನ ನಡುವೆ ಏನಿತ್ತು?"

"ಏನೂ ಇಲ್ಲ. ಬರೀ ಉಲ್ಲು. ಇಬ್ರು ಸಾಯೇಬ್ರು ಕುರ್ಚಿ ಆಕ್ಕೊಂಡು ಕೂತಿದ್ರು."

"ಸರಿ ಬುಡು," ಅಂದಳು ಅಜ್ಜಿ, "ಅವ್ರಿಗೆ ಎಂಗ್ ಸುತ್ತುದ್ರೂ ಆಯ್ತದೆ. ಈಗ ಅಮ್ಮಂಗೆ ಸರಿಯಾಗಿ ಒಂದ್ ಸುತ್ತು ಆಕಿ ಮನೆಗೋಗು."

ಗುಡಿಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದೆ, ಓಡಿಕೊಂಡೇ. ಆಮೇಲೆ ನಾಲೆ ಏರಿ ಹಿಡಿದು ದಿಣ್ಣೆಯ ಕಡೆಗೆ ಹೊರಟೆ.