ವಾಡಿಯ ಮಕ್ಕಳಿಗೆ ಗಡಿಯಾರ ಕಲಿಸಹೊರಟ ಪಾಠ

೨೦೦೬ರಲ್ಲಿ ನಾನು ವಾಡಿಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದೆ. ಸೇವೆಗೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ವಯಸ್ಸು ನಲವತ್ತು ದಾಟಿತ್ತು. ಆ ವರ್ಷ ನಮ್ಮ ಶಾಲೆಗೆ ಐದು ಕಂಪ್ಯೂಟರು ಬಂದವು. ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕೂರಬಾರದೆಂದು ಅವುಗಳ ಮೇಲೆ ಹಳೆಯ ಸೀರೆ ಹೊದಿಸಿ, ಕೋಣೆಗೆ ಕೀಲಿ ಹಾಕಿದೆವು. ಕೀಲಿಕೈ ಯಾರ ಹತ್ತಿರ ಇರಬೇಕೆಂಬ ಮಾತು ಬಂದಾಗ ಹೆಡ್‌ಮಾಸ್ತರರು ನನ್ನ ಕಡೆ ನೋಡಿ, “ಗಣಿತದವ್ರಿದ್ದೀರಿ, ನಿಮಗ ತಿಳೀತದ, ಇಟ್ಕೋರಿ” ಎಂದರು. ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಇಟ್ಟುಕೊಂಡೆ. ದಿನವೂ ಬೆಳಿಗ್ಗೆ ಆ ಕೋಣೆ ತೆರೆದು, ಸೀರೆ ಝಾಡಿಸಿ, ಮತ್ತೆ ಹೊದಿಸಿ ಬರುವಾಗ ಒಂದು ಥರ ನಾಚಿಕೆಯಾಗುತ್ತಿತ್ತು.

ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ವಿಶ್ವವಿದ್ಯಾಲಯದ ಜಾಹೀರಾತು ಕಂಡಿತು. ಶಿಕ್ಷಕರಿಗಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿ, ವಿಷಯ ‘ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿ’, ಎಲ್ಲವೂ ಆನ್‌ಲೈನ್. ಪಾಠವನ್ನು ಹೇಗೆ ಯೋಜಿಸಬೇಕು, ಅದರಲ್ಲಿ ಕಂಪ್ಯೂಟರು, ಚಿತ್ರ, ಧ್ವನಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಕಲಿಸುವ ಓದು ಅದು. ಅರ್ಜಿ ಹಾಕಿದೆ. ಸೀಟು ಸಿಕ್ಕಿತು.

ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಿಗೆ ಹೋಗಿ, ಸಲೀಂ ಭಾಯಿಯವರ ಸೈಬರ್ ಸೆಂಟರಿನಲ್ಲಿ ಎರಡು ತಾಸು ಕೂಡುತ್ತಿದ್ದೆ. ವಾರವಿಡೀ ಬರೆದದ್ದನ್ನು ಅಲ್ಲಿ ಟೈಪ್ ಮಾಡಿ ಕಳಿಸುವುದು, ಹೊಸ ಪಾಠಗಳನ್ನು ಪ್ರಿಂಟ್ ತೆಗೆದುಕೊಳ್ಳುವುದು, ಐದರ ಗಾಡಿಗೆ ಮರಳುವುದು. ಪುಟ ತೆರೆಯಲು ಹೊತ್ತಾದರೆ ಸಲೀಂ ಭಾಯಿ ಕುರ್ಚಿ ಸರಿಸಿ, “ಕುಂದ್ರಿ ಟೀಚರ್, ನಿಮ್ಮ ಕಾಲೇಜಿನ ಚಪರಾಸಿ ಇನ್ನಾ ಬಾಗ್ಲಾ ತಗದಿಲ್ಲ” ಎನ್ನುತ್ತಿದ್ದರು.

ಓದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ‘ಡಿಸ್ಕಶನ್ ಫೋರಂ’. ಅಂದರೆ ವಿದ್ಯಾರ್ಥಿಗಳೆಲ್ಲ ತಮ್ಮ ಕೆಲಸವನ್ನು ಎಲ್ಲರಿಗೂ ಕಾಣುವಂತೆ ಹಾಕಿ, ಒಬ್ಬರ ಪಾಠದ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ಬರೆಯುವ ಜಾಗ. ಪಾಠ ವಿನ್ಯಾಸದ ಪತ್ರಿಕೆಯಲ್ಲಿ ಇದಕ್ಕೇ ನೂರಕ್ಕೆ ಮೂವತ್ತು ಅಂಕ. ಅದರಲ್ಲಿ ಹದಿನೈದು ಬಾರದಿದ್ದರೆ ಪತ್ರಿಕೆ ಪಾಸಾಗದು, ಎರಡನೇ ವರ್ಷಕ್ಕೆ ಹೋಗಲಾಗದು. ನಾನು ಪ್ರತಿ ವಾರ ತಪ್ಪದೆ ಬರೆಯುತ್ತಿದ್ದೆ. ಬರೆಯುತ್ತಿದ್ದುದು ಒಂದೇ ಮಾತು: ‘ವೆರಿ ನೈಸ್ ಮೇಡಂ’, ಇಲ್ಲವೆ ‘ವೆರಿ ನೈಸ್ ಸರ್’.

ಇದಕ್ಕೆ ಕಾರಣವಿತ್ತು. ೧೯೯೨ರಲ್ಲಿ ನನ್ನ ಮೊದಲ ಪೋಸ್ಟಿಂಗು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ. ಸೇರಿದ ಮೂರನೇ ತಿಂಗಳಿಗೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಸಂದರ್ಶನ ಪುಸ್ತಕದಲ್ಲಿ ‘ಶಿಕ್ಷಕಿಯ ಪಾಠ ಟಿಪ್ಪಣಿ ಅಪೂರ್ಣ’ ಎಂದು ಒಂದು ಸಾಲು ಬರೆದು ಹೋದರು. ಬಾಯಲ್ಲಿ ಏನೂ ಅನ್ನಲಿಲ್ಲ, ಚಹಾ ಕುಡಿದು ನಗುತ್ತಲೇ ಹೋದರು. ಆ ಒಂದು ಸಾಲಿಗೆ ನಾನು ಮೂರು ಸಲ ಸಮಜಾಯಿಷಿ, ಅಂದರೆ ಲಿಖಿತ ವಿವರಣೆ, ಬರೆದುಕೊಡಬೇಕಾಯಿತು. ಅಂದಿನಿಂದ ಕಾಗದದ ಮೇಲೆ ಬಂದ ತಪ್ಪು ಎಂದರೆ ಮೆಮೊ ಎಂದೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಗುರುತಿಲ್ಲದ ಊರಿನ ಶಿಕ್ಷಕರಿಗೆ ನಾನು ಮೆಮೊ ಕೊಡುವುದೆ?

ಪಾಠ ವಿನ್ಯಾಸದ ಪತ್ರಿಕೆಯ ಮುಖ್ಯ ಕೆಲಸ ಒಂದು ಕಂಪ್ಯೂಟರ್ ಪಾಠ ತಯಾರಿಸುವುದು. ನಾನು ಏಳನೇ ತರಗತಿಗೆ ‘ಇಪ್ಪತ್ನಾಲ್ಕು ತಾಸಿನ ಗಡಿಯಾರ’ ಆರಿಸಿಕೊಂಡೆ. ಮಧ್ಯಾಹ್ನ ಎರಡು ಎಂದರೆ ಹದಿನಾಲ್ಕು, ರಾತ್ರಿ ಎಂಟು ಎಂದರೆ ಇಪ್ಪತ್ತು, ಹೀಗೆ. ಹನ್ನೆರಡು ಪರದೆ, ಪ್ರತಿ ಪರದೆಗೂ ಬಣ್ಣದ ಗಡಿಯಾರ, ಮುಳ್ಳು ತಿರುಗುವ ವ್ಯವಸ್ಥೆ. ಏಳು ಶನಿವಾರ ಹಿಡಿಯಿತು. ಅದನ್ನು ಫೋರಂನಲ್ಲಿ ಹಾಕಿದ ಮುಂದಿನ ವಾರ ನನಗೆ ಜೋಡಿಯಾಗಿ ಕೊಟ್ಟಿದ್ದ ಸೊಲ್ಲಾಪುರದ ವಿಜ್ಞಾನ ಶಿಕ್ಷಕಿ ಶಾಂತಾಬಾಯಿಯವರ ಅಭಿಪ್ರಾಯ ಬಂತು. ಇಂಗ್ಲಿಷಿನಲ್ಲಿ ಮೂರೇ ಸಾಲು. ಚಿತ್ರಗಳು ಚೆನ್ನಾಗಿವೆ. ಆದರೆ ನಿಮ್ಮದು ರೈಲ್ವೆ ಜಂಕ್ಷನ್ ಇರುವ ಊರು. ಈ ಪಾಠ ನಿಮ್ಮ ಮಕ್ಕಳಿಗೆ ಬೇಕೇ ಎಂದು ಅವರನ್ನು ಕೇಳಿದ್ದೀರಾ?

ಪ್ರಿಂಟ್ ತೆಗೆದು ಮನೆಗೆ ತಂದೆ. ನಮ್ಮ ಮನೆಯವರು ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಕೈಕಾಲು ತೊಳೆದು, ಸಂಧ್ಯಾವಂದನೆ ಮುಗಿಸಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಸುಧಾ, ಇದಕ್ಕ ಸುಮ್ಮ ಕೂಡಂಗಿಲ್ಲ. ಬರ್ದು ಕೇಳ್ಯಾರ, ಬರ್ದೇ ಉತ್ತರ ಕೊಡಬೇಕು.”

“ಅವ್ರೂ ನನ್ನಂಗ ಕಲೀಲಿಕತ್ತವ್ರರಿ.”

“ಯಾರೇ ಇರ್ಲಿ. ನಕಲು ಮ್ಯಾಲಿನವ್ರಿಗೆ ಹಾಕು.”

ಅವರು ಹೇಳುತ್ತ ಹೋದರು, ನಾನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಮೇಲ್ಕಾಣಿಸಿದ ತಮ್ಮ ಅಭಿಪ್ರಾಯಕ್ಕೆ ಸಂಬಂಧಿಸಿದಂತೆ, ಸದರಿ ಪಾಠವನ್ನು ಪಠ್ಯಪುಸ್ತಕದ ಅನುಸಾರವೇ ತಯಾರಿಸಲಾಗಿದ್ದು, ನನ್ನಿಂದ ಯಾವುದೇ ಲೋಪ ಆಗಿರುವುದಿಲ್ಲ. ಕೊನೆಗೆ, ‘ಪ್ರತಿ: ಮಾರ್ಗದರ್ಶಕರ ಮಾಹಿತಿಗಾಗಿ’. ಫೋರಂನಲ್ಲಿ ಎಲ್ಲರಿಗೂ ಕಾಣುವಂತೆ ಅದನ್ನು ಹಾಕಿ, ಐದರ ಗಾಡಿಗೆ ಸಮಾಧಾನದಿಂದ ಮರಳಿದೆ.

ಮುಂದಿನ ಶನಿವಾರ, ನಮಗೆ ಅಂಕ ಕೊಡುವ ವಿಶ್ವವಿದ್ಯಾಲಯದ ಮಾರ್ಗದರ್ಶಕರ ಪತ್ರ ಬಂದಿತ್ತು. ಫೋರಂನಲ್ಲಿ ನನಗೆ ಈವರೆಗೆ ಮೂವತ್ತಕ್ಕೆ ಆರು ಅಂಕ. ಹದಿನಾಲ್ಕು ಅಭಿಪ್ರಾಯ ಬರೆದಿದ್ದೀರಿ, ಒಂದರಿಂದಲೂ ಯಾರಿಗೂ ಉಪಯೋಗವಾಗಿಲ್ಲ. ನಿಮಗೆ ಬಂದ ಒಂದು ಉಪಯುಕ್ತ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ. ಇನ್ನು ಐದು ವಾರ ಉಳಿದಿದೆ.

ಸಲೀಂ ಭಾಯಿ ನನ್ನ ಮುಖ ನೋಡಿ ಫ್ಯಾನಿನ ಗಾಳಿ ಹೆಚ್ಚು ಮಾಡಿದರು. ಆ ದಿನ ಎರಡು ತಾಸು ಕೂಡಲಿಲ್ಲ. ಓದನ್ನೇ ಬಿಟ್ಟುಬಿಡೋಣ ಎಂದು ತೀರ್ಮಾನಿಸಿದ್ದೆ. ಏಳಬೇಕೆನ್ನುವಾಗ ಇನ್ನೊಂದು ಸಂದೇಶ ಕಣ್ಣಿಗೆ ಬಿತ್ತು. ಶಾಂತಾಬಾಯಿಯವರದು, ಇಂಗ್ಲಿಷಿನಲ್ಲೇ: ‘ನಾಳೆ ಭಾನುವಾರ ಅಕ್ಕನ ಮೊಮ್ಮಗನ ತೊಟ್ಟಿಲಿಗೆ ಸೇಡಂಗೆ ಹೊರಟಿದ್ದೇನೆ. ಗಾಡಿ ವಾಡಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಬರ್ತೀರಾ?’

ಹೋಗಬಾರದೆಂದುಕೊಂಡೆ. ಆದರೆ ಮನೆಗೆ ಬಂದವರನ್ನು ಮಾತಾಡಿಸದೆ ಇರುವ ಪದ್ಧತಿ ನಮ್ಮಲ್ಲಿಲ್ಲ, ಸ್ಟೇಷನ್ ಎಂದರೆ ನಮ್ಮ ಊರಿನ ಹೊಸ್ತಿಲೇ. ಹಚ್ಚಿದ ಅವಲಕ್ಕಿ ಡಬ್ಬಿಗೆ ತುಂಬಿಕೊಂಡು, ಪ್ರಿಂಟುಗಳ ಫೈಲು ಹಿಡಿದುಕೊಂಡು ಹೋದೆ. ಗಾಡಿ ನಿಂತಿತು. ದಪ್ಪ ಚಶ್ಮಾದ, ನನಗಿಂತ ನಾಲ್ಕಾರು ವರ್ಷ ಹಿರಿಯರಾದ ಒಬ್ಬರು ಇಳಿದು ನೇರ ನನ್ನ ಹತ್ತಿರವೇ ಬಂದರು.

“ಸುಧಾಬಾಯಿ ನೀವೇ ಅಲ್ರಿ? ಪ್ಲಾಟ್‌ಫಾರ್ಮಿನ ಮ್ಯಾಲೆ ಫೈಲ್ ಹಿಡ್ಕೊಂಡು ಮತ್ತ್ಯಾರು ನಿಂದರ್ತಾರ.”

ಅಚ್ಚ ಕನ್ನಡ. ಅವರು ಮರಾಠಿಯವರು ಎಂದುಕೊಂಡಿದ್ದೆ.

“ಬರ್ರಿ, ಕುಂದ್ರಿ” ಎಂದು ಕಲ್ಲಿನ ಬೆಂಚು ತೋರಿಸಿದೆ.

“ನಿಮ್ಮ ಪತ್ರ ನಮ್ಮತ್ತಿ ಮುಂದ ಓದ್ದೆ. ಕೋರ್ಟಿನ ನೋಟೀಸ ಬಂದದ ಅಂತ ಅವ್ರು ದೇವರ ಮುಂದ ದೀಪಾ ಹಚ್ಚಿದ್ರು ನೋಡ್ರಿ.” ನಕ್ಕರು. ನಾನು ನಗಲಿಲ್ಲ. ಅವರು ಅವಲಕ್ಕಿ ತಿನ್ನುತ್ತ ಕೇಳಿದರು, “ನನ್ನ ನೀರು ಶುದ್ಧಿ ಪಾಠ ನೋಡಿದ್ರಲ್ಲ. ಅದ್ರಾಗ ತಪ್ಪಿರಲಿಲ್ಲೇನು?”

“ಇತ್ತುರೀ.”

“ಏನು?”

“ಪರದೆ ಮ್ಯಾಲೆ ಚಿತ್ರ ಅದ, ಅದರ ಕೆಳಗ ಬರಹ ಅದ, ಅದೇ ಬರಹಾನೇ ನೀವು ದನಿಯೊಳಗ ಓದ್ತೀರಿ. ಹುಡುಗ್ರು ಓದೂದ್ರಾಗೇ ಇರ್ತಾರ, ಚಿತ್ರ ನೋಡಂಗಿಲ್ಲ.”

“ಯಾವಾಗ ಗೊತ್ತಾತು?”

“ಮೊದಲನೇ ವಾರನೇ.”

“ಮತ್ತ ವೆರಿ ನೈಸ್ ಅಂತ ಬರದ್ರಿ?”

“ನಿಮ್ಮ ಮಾರ್ಕ್ಸ್ ಹೋಗ್ಬಾರ್ದು ಅಂತ.”

ಶಾಂತಾಬಾಯಿ ಡಬ್ಬಿ ಬದಿಗಿಟ್ಟರು. “ಹೋದ್ವಲ್ರಿ. ಅದೇ ತಪ್ಪಿಗೆ ಎಂಟು ಮಾರ್ಕ್ಸ್ ಹೋದ್ವು. ನೀವು ಹೇಳಿದ್ರ ನಾ ಅವತ್ತೇ ತಿದ್ದತಿದ್ದೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. ಒಳ್ಳೆಯತನ ಎಂದು ನಾನು ಮಾಡಿದ್ದು ಅವರಿಗೆ ನಷ್ಟ ಮಾಡಿತ್ತು.

ಆ ಹೊತ್ತಿಗೆ ನಮ್ಮ ಏಳನೇ ತರಗತಿಯ ಯಲ್ಲಮ್ಮ ತಂದೆಗೆ ಊಟದ ಡಬ್ಬಿ ಕೊಟ್ಟು ಹೊರಟಿದ್ದಳು. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ನನ್ನನ್ನು ಕಂಡು ನಿಂತಳು. ಶಾಂತಾಬಾಯಿ ಅವಳನ್ನು ಕರೆದು ಕೇಳಿದರು, “ಈ ಗಾಡಿ ಎಷ್ಟಕ್ಕ ಬಿಡ್ತದವ್ವಾ?”

“ಹದಿನಾಲ್ಕು ಹತ್ತಕ್ಕರಿ.”

ನಾನು ಹನ್ನೆರಡು ಪರದೆಯಲ್ಲಿ ಕಲಿಸಲು ಹೊರಟದ್ದನ್ನು ಅವಳು ಸಹಜವಾಗಿ ಹೇಳಿಬಿಟ್ಟಳು. ಶಾಂತಾಬಾಯಿ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡ ಗುಣ.

“ಸೇಡಂ ಎಷ್ಟಕ್ಕ ಮುಟ್ತದ?”

“ಹದಿನೈದು ಐದಕ್ಕರಿ.”

“ಹಂಗಾದ್ರ ಎಷ್ಟು ನಿಮಿಷದ ದಾರಿ?”

ಯಲ್ಲಮ್ಮ ಬೆರಳಿನಿಂದ ಅಂಗೈ ಮೇಲೆ ಲೆಕ್ಕ ಮಾಡಿದಳು. “ತೊಂಬತ್ತೈದು ನಿಮಿಷರಿ.”

ಐವತ್ತೈದು ಆಗಬೇಕಿತ್ತು. ಅವಳ ಅಂಗೈ ಲೆಕ್ಕ ನನಗೆ ಕಂಡಿತ್ತು. ೧೫೦೫ರಲ್ಲಿ ೧೪೧೦ ಕಳೆದಿದ್ದಳು. ನೂರರಲ್ಲಿ ಕಳೆಯುವ ರೂಢಿಯನ್ನೇ ತಾಸಿಗೂ ಹಚ್ಚಿದ್ದಳು. ತಾಸಿಗೆ ಅರವತ್ತೇ ನಿಮಿಷ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ, ಕೇಳಿದರೆ ಹೇಳುತ್ತಾಳೆ. ಕಳೆಯುವಾಗ ಮರೆಯುತ್ತಾಳೆ. ಅವಳಿಗೆ ಬೇಕಾದ ಪಾಠ ಅದು.

ಗಾಡಿ ಸೀಟಿ ಹಾಕಿತು. ಶಾಂತಾಬಾಯಿ ಚೀಲದಿಂದ ಸೊಲ್ಲಾಪುರದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ನನ್ನ ಫೈಲಿನ ಮೇಲಿಟ್ಟು ಹತ್ತಿದರು. ಕಿಟಕಿಯಿಂದ, “ಇದಕ್ಕೂ ಸಮಜಾಯಿಷಿ ಬರೀಬ್ಯಾಡ್ರಿ” ಎಂದರು. ಆಗ ನಕ್ಕೆ.

ಸೋಮವಾರ ಏಳನೇ ತರಗತಿಯ ನಲವತ್ತೊಂದು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು ಎರಡು ಪ್ರಶ್ನೆ ಕೇಳಿದೆ. ೧೯:೨೫ ಎಂದರೆ ಸಂಜೆ ಎಷ್ಟು ಗಂಟೆ? ಮೂವತ್ತೆಂಟು ಮಕ್ಕಳು ಸರಿ ಬರೆದರು. ೯:೫೦ಕ್ಕೆ ಬಿಟ್ಟ ಗಾಡಿ ೧೩:೨೦ಕ್ಕೆ ಮುಟ್ಟಿದರೆ ಎಷ್ಟು ಹೊತ್ತಿನ ಪ್ರಯಾಣ? ಇಪ್ಪತ್ತೊಂಬತ್ತು ಮಕ್ಕಳು ತಪ್ಪಿದರು. ಹೆಚ್ಚಿನವರು ಬರೆದದ್ದು ‘ಮೂರು ತಾಸು ಎಪ್ಪತ್ತು ನಿಮಿಷ’. ಹೀಗೆ ಪಾಠ ಬರೆಯುವ ಮೊದಲು ಕಲಿಯುವವರಿಗೆ ಏನು ಗೊತ್ತಿದೆ, ಎಲ್ಲಿ ಎಡವುತ್ತಾರೆ ಎಂದು ನೋಡುವುದಕ್ಕೆ ನಮ್ಮ ಓದಿನಲ್ಲಿ ‘ನೀಡ್ಸ್ ಅನಾಲಿಸಿಸ್’ ಎನ್ನುತ್ತಿದ್ದರು. ಅದರ ವ್ಯಾಖ್ಯೆಯನ್ನು ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ.

ಆ ಶನಿವಾರ ಫೋರಂನಲ್ಲಿ ಚೀಟಿಗಳ ಲೆಕ್ಕ ಹಾಕಿ, ನನ್ನ ಪಾಠ ವಾಡಿಯ ಮಕ್ಕಳಿಗೆ ಬೇಕಾದದ್ದಲ್ಲ ಎಂದು ಬರೆದೆ. ನಂತರ ಶಾಂತಾಬಾಯಿಯವರ ಹೊಸ ಪಾಠ ತೆರೆದು, ಮೊದಲ ಸಲ, ನಾಲ್ಕನೇ ಪರದೆಯ ಪ್ರಶ್ನೆಗೆ ಉತ್ತರ ಚಿತ್ರದಲ್ಲೇ ಕಾಣುತ್ತಿದೆ, ಮಕ್ಕಳು ಯೋಚಿಸುವುದಿಲ್ಲ ಎಂದು ಬರೆದೆ. ಮರುವಾರ ಅವರ ಉತ್ತರ ಬಂತು: ‘ಮೇಲ್ಕಾಣಿಸಿದ ತಮ್ಮ ಅಭಿಪ್ರಾಯಕ್ಕೆ ಸಂಬಂಧಿಸಿದಂತೆ, ಸದರಿ ಲೋಪವನ್ನು ಒಪ್ಪಿ ತಿದ್ದಲಾಗಿದೆ. ಪ್ರತಿ: ನಿಮ್ಮ ಯಜಮಾನರ ಮಾಹಿತಿಗಾಗಿ.’ ನಮ್ಮ ಮನೆಯವರು ಅದನ್ನು ಓದಿ, “ಒಕ್ಕಣಿ ಬರೋಬರಿ ಅದ” ಎಂದಷ್ಟೇ ಹೇಳಿದರು.

ಹನ್ನೆರಡು ಪರದೆ ಹೋಗಿ ಐದಾದವು. ಐದೂ ರೈಲಿನ ವೇಳಾಪಟ್ಟಿಯ ಕಳೆಯುವ ಲೆಕ್ಕ. ಕಂಪ್ಯೂಟರ್ ಕೋಣೆಯ ಸೀರೆಗಳನ್ನು ಮಡಿಚಿ ಕಪಾಟಿನಲ್ಲಿಟ್ಟೆ. ಫೋರಂನಲ್ಲಿ ನನಗೆ ಕೊನೆಗೆ ಬಂದದ್ದು ಹದಿನಾರು. ೨೦೦೮ರಲ್ಲಿ ಪದವಿಯೂ ಬಂತು.

ಮರುವರ್ಷ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನು ಚಿಂಚೋಳಿಗೆ ಕರೆದರು. ಅದೇ ರೈಲಿನ ಪಾಠವನ್ನು ಅಭಿಮಾನದಿಂದ ತೋರಿಸಿದೆ. ಹೆಸರು ಹಾಕದೆ ಅಭಿಪ್ರಾಯ ಬರೆಯಿರಿ ಎಂದು ಚೀಟಿ ಹಂಚಿದೆ. ಒಂದಾದ ಮೇಲೊಂದು ತೆರೆದೆ. ‘ಉತ್ತಮ’, ‘ಅತ್ಯುತ್ತಮ’, ‘ಮೇಡಂ ಅವರಿಗೆ ಧನ್ಯವಾದ’. ಮೂವತ್ತರ ಹತ್ತಿರ ಹೀಗೇ. ಆಮೇಲೆ ಒಂದು ಚೀಟಿ: ‘ನಮ್ಮ ಕುಂಚಾವರಂ ಕಡೆ ಮಕ್ಕಳು ರೈಲು ನೋಡಿಲ್ಲ.’

ಗಟ್ಟಿಯಾಗಿ ಓದಿದೆ. ಹಿಂದಿನ ಸಾಲಿನಲ್ಲಿ ತೆಳ್ಳಗಿನ ಮಾಸ್ತರರೊಬ್ಬರು ಎದ್ದು ನಿಂತರು. ಹೆಸರು ಹಾಕಿರಲಿಲ್ಲ, ಆದರೂ ಎದ್ದರು.

“ತಪ್ಪು ತಿಳೀಬ್ಯಾಡ್ರಿ ಮೇಡಂ. ಬೇಕಂದ್ರ ಸಮಜಾಯಿಷಿ ಬರ್ದು ಕೊಡ್ತೀನ್ರಿ.”

ಹದಿನಾಲ್ಕು ವರ್ಷ ನಾನೂ ಹಾಗೇ ಎದ್ದು ನಿಂತವಳು.

“ಬ್ಯಾಡ್ರಿ ಸರ್, ಕುಂದ್ರಿ. ಸಮಜಾಯಿಷಿ ಕೊಡಬೇಕಾದವಳು ನಾನು. ನಿಮ್ಮ ಹುಡುಗ್ರು ಹೊತ್ತು ಹ್ಯಾಂಗ ಲೆಕ್ಕ ಹಾಕ್ತಾರ, ಅದನ್ನ ಹೇಳ್ರಿ.”

ಅವರು ಕೂಡಲಿಲ್ಲ. ನಿಂತುಕೊಂಡೇ ಹೇಳತೊಡಗಿದರು. ಊರು ತೆಲುಗು ಸೀಮೆಯ ಗಡಿಗೆ ಹತ್ತಿಕೊಂಡಿದೆ, ದಿನಕ್ಕೆ ಎರಡು ಬಸ್ಸು ಬರುತ್ತವೆ, ಮಕ್ಕಳು ಮನೆಯಲ್ಲಿ ತೆಲುಗಿನಲ್ಲಿ ಎಣಿಸುತ್ತಾರೆ, ಕಾಡಿನಿಂದ ದನ ಮರಳುವ ಹೊತ್ತು ನಿಮಿಷ ತಪ್ಪದೆ ಗೊತ್ತು. ಉಳಿದವರೂ ಮಾತು ಸೇರಿಸಿದರು. ನಾನು ಐದು ಪರದೆಯ ಪಾಠವನ್ನು ಬಂದ್ ಮಾಡಿ, ಪೆನ್ನು ಹಿಡಿದು ಕೂತೆ.

ಆ ಚೀಟಿ ಈಗಲೂ ನನ್ನ ಫೈಲಿನಲ್ಲಿ ಶಾಂತಾಬಾಯಿಯವರ ಮೂರು ಸಾಲಿನ ಪ್ರಿಂಟಿನ ಪಕ್ಕದಲ್ಲಿದೆ. ಪಾಠ ಎಷ್ಟೇ ಸಲ ತಿದ್ದಿದ್ದರೂ, ಹೊಸ ಮಕ್ಕಳ ಮುಂದೆ ಇಡುವ ಮೊದಲು ಮತ್ತೊಮ್ಮೆ ಕೇಳಬೇಕು. ಕೇಳಿದಾಗ ಬಂದ ಉತ್ತರ ನಮ್ಮ ಪಾಠಕ್ಕೆ ವಿರುದ್ಧವಾಗಿದ್ದರೆ, ಅದನ್ನು ಬರೆದವರು ಹೆದರಿ ಎದ್ದು ನಿಲ್ಲದಂತೆ ನೋಡಿಕೊಳ್ಳಬೇಕು. ಈ ವೃತ್ತಿಯಿಂದ ನಾನು ಕಲಿತದ್ದು ಇಷ್ಟು.